ಕೆಲಸ ವಿದೇಶಕ್ಕೆ ಹೋಗುತ್ತಿದೆ, ರಾಜೀನಾಮೆ ಬರೆದುಕೊಡಲೇ?

ಕೇಳಿದವರು: ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ 11 ವರ್ಷ ದುಡಿದಿದ್ದೇನೆ. ನಮ್ಮ ತಂಡದ ಕೆಲಸ ಮನಿಲಾಕ್ಕೆ ಹೋಗುತ್ತಿದೆ. ಅಲ್ಲಿಯವರಿಗೆ ಕಲಿಸಿಕೊಟ್ಟು ರಾಜೀನಾಮೆ ಬರೆದರೆ ಮೂರು ತಿಂಗಳ ಸಂಬಳ ಕೊಡುತ್ತಾರಂತೆ. ಅನ್ನ ಕೊಟ್ಟ ಸಂಸ್ಥೆಯ ಎದುರು ನಿಲ್ಲಲು ಮನಸ್ಸಾಗುತ್ತಿಲ್ಲ. ಅನುಭವವಿದ್ದವರು ತಿಳಿಸಿ.

ಎಲೆಕ್ಟ್ರಾನಿಕ್ ಸಿಟಿಯಿಂದ: ದಯವಿಟ್ಟು ಬರೆಯಬೇಡಿ. 2019ರಲ್ಲಿ ನಾನು ಬರೆದೆ. ಬಾಗಿಲು ಮುಚ್ಚಿದ ಕೋಣೆಯಲ್ಲಿ ಅರ್ಧ ಗಂಟೆ ಕೂರಿಸಿ, ‘ವೈಯಕ್ತಿಕ ಕಾರಣಗಳಿಂದ’ ಎಂದು ಅವರೇ ಸಿದ್ಧಪಡಿಸಿದ್ದ ಪತ್ರಕ್ಕೆ ಸಹಿ ಹಾಕಿಸಿಕೊಂಡರು. ಮುಂದೆ ಕಾರ್ಮಿಕ ಇಲಾಖೆಗೆ ದೂರು ಕೊಟ್ಟಾಗ ನನ್ನ ವಿರುದ್ಧ ಹಾಜರಾದದ್ದು ಆ ಒಂದೇ ಕಾಗದ. ತಾನಾಗಿ ಬಿಟ್ಟವರಿಗೆ ಪರಿಹಾರವಿಲ್ಲ. ಕಂಪನಿಯೇ ತೆಗೆದರೆ, ಕಾನೂನಿನ ಪ್ರಕಾರ ‘ಕಾರ್ಮಿಕ’ ಎನಿಸಿಕೊಳ್ಳುವವರಿಗೆ ಒಂದು ತಿಂಗಳ ನೋಟಿಸ್ ಅಥವಾ ಅದರ ವೇತನ, ಜೊತೆಗೆ ಪ್ರತಿ ಸೇವಾ ವರ್ಷಕ್ಕೆ 15 ದಿನಗಳ ಸರಾಸರಿ ವೇತನ ಸಿಗಬೇಕು. 11 ವರ್ಷಕ್ಕೆ 165 ದಿನ, ಅಂದರೆ ಐದೂವರೆ ತಿಂಗಳು. ಗ್ರಾಚ್ಯುಟಿ ಇದರಲ್ಲಿ ಸೇರಿಲ್ಲ, ಅದು ಬೇರೆ. ವಿಸಿಟಿಂಗ್ ಕಾರ್ಡಿನಲ್ಲಿ ‘ಮ್ಯಾನೇಜರ್’ ಎಂದಿದ್ದರೂ ಹೆದರಬೇಡಿ. ನೀವು ದಿನವೂ ಮಾಡುವ ಕೆಲಸ ಯಾವುದು ಎಂಬುದೇ ಮುಖ್ಯ. ಇಮೇಲ್‌ಗಳು, ಸಂಬಳದ ಚೀಟಿಗಳು, ಮನಿಲಾದವರಿಗೆ ತರಬೇತಿ ಕೊಡಿ ಎಂಬ ಸೂಚನೆ, ಇವುಗಳ ದಾಖಲೆ ನಿಮ್ಮ ಬಳಿ ಇರಲಿ. ಗ್ರಾಹಕರ ಕಡತಗಳನ್ನು ಮಾತ್ರ ಮುಟ್ಟಬೇಡಿ. ಐಟಿ ನೌಕರರಿಗೂ 2017ರಿಂದ ಕಿಟು ಎಂಬ ಸಂಘವಿದೆ. ಸಹಿ ಹಾಕಿದ ಮೇಲೆ ನಾನು ಅಲ್ಲಿಗೆ ಹೋದೆ. ನೀವು ಅದಕ್ಕೂ ಮೊದಲೇ ಹೋಗಿ.

ಮಂಡ್ಯದಿಂದ: ನಾನು ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ಕೆಲಸದವಳು. 2020ರ ಜೂನ್‌ನಲ್ಲಿ ಶ್ರೀರಂಗಪಟ್ಟಣದ ಕಾರ್ಖಾನೆಯಿಂದ ಯಂತ್ರಗಳನ್ನು ಸಾಗಿಸಲು ಹೊರಟಾಗ ಅಲ್ಲಿನ ಹೆಣ್ಣುಮಕ್ಕಳು ಧರಣಿ ಕೂತರು. ಸುಮಾರು 1,200 ಜನರ ಅನ್ನದ ಪ್ರಶ್ನೆ ಅದು. ಸಂಘ ಪಟ್ಟು ಬಿಡಲಿಲ್ಲ. ವಿದೇಶಿ ಬ್ರ್ಯಾಂಡಿಗೂ ವಿಷಯ ಮುಟ್ಟಿಸಿತು. ತಿಂಗಳುಗಳ ನಂತರ ಮರಳಿ ಕೆಲಸ ಕೊಡುವ ಒಪ್ಪಂದವಾಯಿತು. ಒಬ್ಬೊಬ್ಬರೇ ಕಚೇರಿಗೆ ಹೋಗಿ ಬೇಡಿಕೊಂಡಿದ್ದರೆ ಆಗುತ್ತಿತ್ತೇ? ನಿಮ್ಮ ತಂಡದವರನ್ನು ಇಂದೇ ಸೇರಿಸಿ.

ಮೈಸೂರಿನಿಂದ: ಅನ್ನದ ಋಣದ ಬಗ್ಗೆ ಬರೆದಿದ್ದೀರಿ. 2004ರಲ್ಲಿ ಅಮೆರಿಕದ ಒಂದು ತಂಡದ ಕೆಲಸ ನಮಗೆ ಬಂತು. 23 ವರ್ಷ ಅಲ್ಲೇ ದುಡಿದಿದ್ದ ಮಹಿಳೆಯೊಬ್ಬರು ರಾತ್ರಿ ಕರೆಗಳಲ್ಲಿ ನನಗೆ ಎಲ್ಲವನ್ನೂ ತಾಳ್ಮೆಯಿಂದ ಕಲಿಸಿದರು. ಅವರ ಕೆಲಸ ಹೋಗುತ್ತಿದೆ ಎಂದು ನನಗೆ ತಿಳಿದದ್ದು ಕೊನೆಯ ಕರೆಯಲ್ಲಿ. ಇಂದಿಗೂ ಸಂಕಟವಾಗುತ್ತದೆ. ಆ ಸಂಸ್ಥೆ ಅವರ 23 ವರ್ಷದ ಋಣವನ್ನು ನೆನೆಯಲಿಲ್ಲ. ಮನಿಲಾದ ಹುಡುಗರಿಗೆ ಚೆನ್ನಾಗಿಯೇ ಕಲಿಸಿ, ಅವರದೇನೂ ತಪ್ಪಿಲ್ಲ. ಆದರೆ ನೀವು ಏಕೆ ಹೋಗುತ್ತಿದ್ದೀರಿ ಎಂಬುದನ್ನು ಮೊದಲ ದಿನವೇ ಅವರಿಗೆ ತಿಳಿಸಿ.