ಸುರತ್ಕಲ್ ಕಡೆ ಒಂದೂವರೆ ವರ್ಷದ ಮಗುವಿನ ಪಾಲನೆಗೆ ಸರಕಾರದ ನೆರವು ಸಿಗುತ್ತದೆಯೇ?

ಪ್ರಶ್ನೆ: ಕೃಷ್ಣಾಪುರದ ತಾಯಿ

ನಮ್ಮ ಮನೆ ಸುರತ್ಕಲ್ ಸಮೀಪದ ಕೃಷ್ಣಾಪುರದಲ್ಲಿ, ಅಂದರೆ ಮಂಗಳೂರು ಮಹಾನಗರ ಪಾಲಿಕೆಯ ವ್ಯಾಪ್ತಿಯಲ್ಲಿದೆ. ನಾನು ಹಂಪನಕಟ್ಟೆಯ ದೊಡ್ಡ ಜವಳಿ ಮಳಿಗೆಯೊಂದರ ಬಿಲ್ಲಿಂಗ್ ವಿಭಾಗದಲ್ಲಿದ್ದೇನೆ. ಯಜಮಾನರಿಗೆ ಬೈಕಂಪಾಡಿಯಲ್ಲಿ ಪಾಳಿ ಕೆಲಸ. ಮಗಳನ್ನು ಇದುವರೆಗೆ ಅತ್ತೆಯವರೇ ಬೀಡಿ ಕಟ್ಟುತ್ತಾ ನೋಡಿಕೊಂಡರು. ಈಗ ನಡೆಯಲು ಕಲಿತ ಮಗು ಹೊಗೆಸೊಪ್ಪಿನ ತಡ್ಪೆಗೇ (ಮೊರಕ್ಕೇ) ಕೈ ಹಾಕುವುದರಿಂದ, ಬೀಡಿಯ ಕೆಲಸ ನಿಲ್ಲಬೇಕು ಇಲ್ಲವೇ ಮಗುವಿಗೆ ಬೇರೆ ವ್ಯವಸ್ಥೆಯಾಗಬೇಕು ಎಂಬ ಸ್ಥಿತಿ ಬಂದಿದೆ. ಖಾಸಗಿ ಡೇ ಕೇರ್‌ನವರು ಕೇಳುವ ಹಣ ನನ್ನ ಸಂಬಳಕ್ಕೆ ಹೊರೆ. ಪಾಲನೆಯ ಖರ್ಚಿಗೆ ಸರಕಾರ ಏನಾದರೂ ಕೊಡುತ್ತದೆಯೇ? ಇನ್ನೊಂದು ವಿಚಾರ. ನಮ್ಮ ಪಕ್ಕದ ಮನೆಯ ಅಕ್ಕ ತಮ್ಮ ಮನೆಯಲ್ಲೇ ನಾಲ್ಕೈದು ಮಕ್ಕಳನ್ನು ನೋಡಿಕೊಳ್ಳುತ್ತಾರೆ. ಅವರಿಗೂ ಯಾವುದಾದರೂ ಸಹಾಯ ಇದೆಯೇ?

ಉತ್ತರ: ನಿವೃತ್ತ ಮೇಲ್ವಿಚಾರಕಿ, ಉಡುಪಿ

ಡೇ ಕೇರ್ ಶುಲ್ಕವನ್ನು ತಾಯಿಯ ಖಾತೆಗೆ ಹಾಕುವ ಯೋಜನೆ ನಮ್ಮಲ್ಲಿಲ್ಲ. ಮಾತೃವಂದನಾ ಯೋಜನೆಯಲ್ಲಿ ಮೊದಲ ಮಗುವಿಗೆ ಬರುವ 5,000 ರೂಪಾಯಿ ಹೆರಿಗೆಯ ಕಾಲದ ಕೂಲಿ ನಷ್ಟಕ್ಕೂ ಪೌಷ್ಟಿಕತೆಗೂ ಮೀಸಲಾದದ್ದು, ಪಾಲನೆಗಲ್ಲ. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಂಡ ತಾಯಂದಿರಿಗೆ ‘ತಾಯಿ ಮಗು ಸಹಾಯ ಹಸ್ತ’ದಡಿ ಮಗುವಿಗೆ ಮೂರು ವರ್ಷ ತುಂಬುವವರೆಗೆ ವರ್ಷಕ್ಕೆ 6,000 ರೂಪಾಯಿ ಬರುತ್ತದೆ, ಅದು ನಿಮಗೆ ಅನ್ವಯಿಸುವುದಿಲ್ಲವಾದರೂ, ಇದನ್ನು ಓದುವ ಬೇರೆಯವರಿಗೆ ಉಪಯೋಗವಾದೀತೆಂದು ಬರೆದೆ.

ಸರಕಾರದ ಹಣ ಹೋಗುವುದು ಮಗುವನ್ನು ನೋಡಿಕೊಳ್ಳುವ ಜಾಗಕ್ಕೆ. ನಾವು ಇಂದಿಗೂ ಬಾಲವಾಡಿ ಎನ್ನುವ ಅಂಗನವಾಡಿಯಲ್ಲಿ ಮಕ್ಕಳನ್ನು ದಿನವಿಡೀ ಕೂರಿಸಿಕೊಳ್ಳುವುದು ಮೂರು ವರ್ಷ ತುಂಬಿದ ಮೇಲೆಯೇ. ಅದಕ್ಕಿಂತ ಚಿಕ್ಕವರಿಗೆ ಪೌಷ್ಟಿಕ ಆಹಾರವನ್ನು ಮನೆಗೆ ಕೊಡುತ್ತಾರೆ. ಆರು ತಿಂಗಳಿನಿಂದ ಮೂರು ವರ್ಷದವರೆಗಿನ ಈ ಕಂದಕವನ್ನು ತುಂಬಲೆಂದು ರಾಜ್ಯ ಸರಕಾರ 2023-24ರ ಬಜೆಟ್‌ನಲ್ಲಿ 4,000 ಗ್ರಾಮ ಪಂಚಾಯತ್‌ಗಳಲ್ಲಿ ‘ಕೂಸಿನ ಮನೆ’ ಎಂಬ ಶಿಶುಪಾಲನಾ ಕೇಂದ್ರಗಳನ್ನು ತೆರೆಯುವುದಾಗಿ ಘೋಷಿಸಿತು. ಆದರೆ ಅದು ಗ್ರಾಮೀಣಾಭಿವೃದ್ಧಿ ಇಲಾಖೆಯದು. ಪಾಲಿಕೆಯ ಗಡಿಯೊಳಗಿರುವ ಕೃಷ್ಣಾಪುರದಲ್ಲಿ ಗ್ರಾಮ ಪಂಚಾಯತ್ತೇ ಇಲ್ಲದ ಕಾರಣ ಅಲ್ಲಿ ಕೂಸಿನ ಮನೆಯೂ ಬರಲಾರದು. ನಗರದವರಿಗೆ ಉಳಿಯುವುದು ಕೇಂದ್ರ ಸರಕಾರದ ಮಹಿಳಾ ಯೋಜನೆಯಾದ ಮಿಷನ್ ಶಕ್ತಿಯಡಿಯ ‘ಪಾಲನಾ’. ಅಂಗನವಾಡಿಗೆ ಹೊಂದಿಕೊಂಡೇ ಶಿಶುಪಾಲನಾ ಕೇಂದ್ರ ನಡೆಸುವ ಈ ಯೋಜನೆಯ ವೆಚ್ಚದಲ್ಲಿ ಕೇಂದ್ರದ ಪಾಲು ಶೇ. 60, ರಾಜ್ಯದ್ದು ಶೇ. 40, ಆರು ತಿಂಗಳಿನಿಂದ ಆರು ವರ್ಷದವರೆಗಿನ ಮಕ್ಕಳನ್ನು ಸೇರಿಸಿಕೊಳ್ಳುತ್ತಾರೆ. ಎಲ್ಲ ಅಂಗನವಾಡಿಗಳಲ್ಲಿ ಈ ಸೌಲಭ್ಯವಿಲ್ಲ. ಶಿಶು ಅಭಿವೃದ್ಧಿ ಯೋಜನಾಧಿಕಾರಿಯ ಕಚೇರಿಗೆ ಹೋಗಿ, ಮನೆಯ ಹತ್ತಿರ ಮಾತ್ರವಲ್ಲ, ನೀವು ಕೆಲಸಕ್ಕೆ ಹೋಗುವ ದಾರಿಯಲ್ಲಿ ಎಲ್ಲಾದರೂ ಇದೆಯೇ ಎಂದು ಕೇಳಿ. ತಾಯಿ ಕಾರ್ಡನ್ನೂ ಮಗುವಿನ ಜನನ ಪ್ರಮಾಣಪತ್ರವನ್ನೂ ಜತೆಗಿಟ್ಟುಕೊಳ್ಳಿ.

ಉತ್ತರ: ಕಾನೂನು ಓದುಗ, ಮಂಗಳೂರು

ಮೇಡಂ ಹೇಳಿದ್ದೆಲ್ಲ ಸರಿ, ಆದರೆ ಮಾಲಕರ ಹೊಣೆಯನ್ನು ಅವರು ಬಿಟ್ಟಿದ್ದಾರೆ. ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ಆದ ತಿದ್ದುಪಡಿಯ ಪ್ರಕಾರ, ಐವತ್ತು ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಸಂಸ್ಥೆ ಶಿಶುಪಾಲನಾ ಸೌಲಭ್ಯ ಒದಗಿಸಲೇಬೇಕು, ಮತ್ತು ತಾಯಿಗೆ ವಿರಾಮದ ವೇಳೆಯೂ ಸೇರಿ ದಿನಕ್ಕೆ ನಾಲ್ಕು ಬಾರಿ ಮಗುವನ್ನು ನೋಡಿ ಬರಲು ಬಿಡಬೇಕು. 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಇದೇ ನಿಯಮ ಮುಂದುವರಿದಿದೆ. ಲೆಕ್ಕ ಹಿಡಿಯುವುದು ಒಟ್ಟು ನೌಕರರನ್ನು, ಹೆಂಗಸರನ್ನು ಮಾತ್ರವಲ್ಲ. ಹಂಪನಕಟ್ಟೆಯ ದೊಡ್ಡ ಜವಳಿ ಮಳಿಗೆಗೆ ಐವತ್ತು ಜನ ಹೆಚ್ಚೇನಲ್ಲ. ಗೇರುಬೀಜದ ಕಾರ್ಖಾನೆಗಳಲ್ಲಿ ತೊಟ್ಟಿಲ ಕೋಣೆ ಇರುತ್ತಿದ್ದುದೂ ಮಾಲಕರ ದಯೆಯಿಂದಲ್ಲ. ಮೂವತ್ತಕ್ಕಿಂತ ಹೆಚ್ಚು ಮಹಿಳೆಯರು ದುಡಿಯುವಲ್ಲಿ ಅದನ್ನು 1948ರ ಕಾರ್ಖಾನೆ ಕಾಯ್ದೆಯೇ ಕಡ್ಡಾಯ ಮಾಡಿತ್ತು. ವಿಚಿತ್ರವೆಂದರೆ, ಮನೆಯಲ್ಲಿ ಕುಳಿತು ಬೀಡಿ ಕಟ್ಟುವ ನಿಮ್ಮ ಅತ್ತೆಯಂಥವರಿಗೆ ಇಂಥ ಕೋಣೆಯ ಪ್ರಶ್ನೆಯೇ ಏಳಲಿಲ್ಲ.

ಮರುಪ್ರಶ್ನೆ: ಕೃಷ್ಣಾಪುರದ ತಾಯಿ

ನಮ್ಮಲ್ಲಿ ಐವತ್ತಕ್ಕಿಂತ ಹೆಚ್ಚು ಜನ ಖಂಡಿತ ಇದ್ದೇವೆ. ಆದರೆ ನಾನೊಬ್ಬಳೇ ಹೋಗಿ ಕೇಳಿದರೆ ಕೆಲಸಕ್ಕೇ ಸಂಚಕಾರ ಬಂದೀತೆಂಬ ಹೆದರಿಕೆ.

ಉತ್ತರ: ಕಾನೂನು ಓದುಗ, ಮಂಗಳೂರು

ಒಬ್ಬರೇ ಕೇಳಬೇಡಿ. ಚಿಕ್ಕ ಮಕ್ಕಳಿರುವ ಎಲ್ಲರೂ ಸಹಿ ಹಾಕಿದ ಮನವಿ ಕೊಟ್ಟು, ಅದರ ಪ್ರತಿಗೆ ಸ್ವೀಕೃತಿ ಪಡೆಯಿರಿ. ಮಳಿಗೆಯೊಳಗೇ ಕೋಣೆ ಬೇಕೆಂದು ಹಟ ಹಿಡಿಯುವ ಅಗತ್ಯವಿಲ್ಲ. ಅಕ್ಕಪಕ್ಕದ ಮಳಿಗೆಗಳೊಂದಿಗೆ ಸೇರಿ ಒಂದೇ ಕೇಂದ್ರ ನಡೆಸಲು ಸಂಹಿತೆಯಲ್ಲಿ ಅವಕಾಶವಿದೆ ಎಂಬುದನ್ನು ಮನವಿಯಲ್ಲೇ ಬರೆದರೆ ಮಾಲಕರು ಒಪ್ಪುವುದು ಸುಲಭ. ಉತ್ತರ ಬಾರದಿದ್ದರೆ ಮಾತ್ರ ಕಾರ್ಮಿಕ ಇಲಾಖೆಗೆ ಹೋಗಿ.

ಉತ್ತರ: ಕಾರ್ಕಳ ತಾಲೂಕಿನವಳು

ನಾನು 2024ರಲ್ಲಿ ನಮ್ಮ ಪಂಚಾಯತ್‌ನ ಕೂಸಿನ ಮನೆಯಲ್ಲಿ ಆರೈಕೆದಾರಳಾಗಿದ್ದೆ. ಪಕ್ಕದ ಮನೆಯ ಅಕ್ಕನ ವಿಷಯಕ್ಕೆ ಯಾರೂ ಉತ್ತರಿಸದ ಕಾರಣ ಬರೆಯುತ್ತಿದ್ದೇನೆ. ನಮಗೆ ತರಬೇತಿ ಕೊಟ್ಟರು, ಕೋಣೆಗೆ ಚಾಪೆ, ಆಟಿಕೆ, ಪಾತ್ರೆ ಬಂದವು. ಆದರೆ ನಮ್ಮ ಸಂಬಳ ಉದ್ಯೋಗ ಖಾತರಿಯ ಕೂಲಿ, ಆ ಸಾಲಿನ ದರದಂತೆ ದಿನಕ್ಕೆ 349 ರೂಪಾಯಿ. ಆಗ ಒಂದು ಜಾಬ್ ಕಾರ್ಡಿಗೆ ವರ್ಷಕ್ಕೆ ನೂರು ದಿನ ಮಾತ್ರವಿತ್ತು. ಆ ನೂರು ದಿನ ಇಡೀ ಕುಟುಂಬದ್ದಾದ್ದರಿಂದ, ಗಂಡ ತೋಟದ ಬಾವಿ ಕೆಲಸಕ್ಕೆ ಹೋದಷ್ಟು ದಿನ ನನ್ನ ಪಾಲಿನಿಂದ ಕಳೆಯಿತು. ದಿನ ಮುಗಿದ ಕೂಡಲೇ ನಾನು ಇಳಿದೆ, ತರಬೇತಿ ಪಡೆದ ಇನ್ನೊಬ್ಬಳು ಬಂದಳು. ನನ್ನ ಮಡಿಲಲ್ಲಿ ಮಾತ್ರ ಗಂಜಿ ಉಣ್ಣುತ್ತಿದ್ದ ಹತ್ತು ತಿಂಗಳ ಮಗುವೊಂದು ಹೊಸಬಳ ಕೈಯಲ್ಲಿ ಬಾಯಿ ತೆರೆಯಲೊಪ್ಪದೆ, ಅದರ ತಾಯಿ ಕೆಲಸ ಬಿಟ್ಟು ಮನೆಯಲ್ಲಿ ಕೂತಳು. ಯೋಜನೆ ಬೇಡವೆಂದಲ್ಲ, ಮಕ್ಕಳನ್ನು ನೋಡಿಕೊಳ್ಳುವುದನ್ನು ಮಣ್ಣು ಹೊರುವ ಕೆಲಸದ ಲೆಕ್ಕದಲ್ಲೇ ಅಳೆದರೆ ಆಗುವುದು ಹೀಗೆ.

ಮನೆಯಲ್ಲೇ ಮಕ್ಕಳನ್ನು ನೋಡಿಕೊಳ್ಳುವ ಅಕ್ಕನಿಗೆ ಇಷ್ಟೂ ಇಲ್ಲ. ಬೇಲಿ, ಶೌಚಾಲಯ, ಪಾತ್ರೆಪಗಡಕ್ಕೆ ಹಣ ಬೇಕಿದ್ದರೆ ಮುದ್ರಾ ಯೋಜನೆಯ ‘ಶಿಶು’ ವರ್ಗದಲ್ಲಿ 50,000 ರೂಪಾಯಿಯವರೆಗೆ ಅಡಮಾನವಿಲ್ಲದೆ ಸಾಲ ಕೇಳಬಹುದು. ಸಾಲವೆಂದ ಮೇಲೆ ಕಂತು ಕಟ್ಟಬೇಕು, ಅದಕ್ಕೆ ನಾಲ್ಕೈದು ಮಕ್ಕಳ ಹಣ ಸಾಕಾಗುವುದೇ ಎಂದು ಮೊದಲು ಕೂತು ಲೆಕ್ಕ ಹಾಕಲಿ. ಕೃಷ್ಣಾಪುರದ ಅಕ್ಕ, ನಿಮ್ಮ ಮಳಿಗೆಯವರು ಕೇಂದ್ರ ಮಾಡುವುದಾದರೆ ಅಲ್ಲಿ ನೋಡಿಕೊಳ್ಳುವವರು ಬೇಕೇ ಬೇಕಲ್ಲ, ಮನವಿ ಕೊಡುವಾಗ ಆ ಪಕ್ಕದ ಮನೆಯ ಅಕ್ಕನ ಹೆಸರನ್ನೂ ಸೂಚಿಸಿ.