ಗುರುವಿನ ಕಕ್ಷೆಯಲ್ಲೇ ಇರುವ ಕ್ಷುದ್ರಗ್ರಹಗಳು ಗುರುವಿಗೆ ಏಕೆ ಡಿಕ್ಕಿ ಹೊಡೆಯುವುದಿಲ್ಲ?

ಪ್ರಶ್ನೆ (ಕೋಥ್ರೂಡ್, ಪುಣೆ)

ಮಾನ್ಯರೇ, ಇಲ್ಲಿನ ಕನ್ನಡ ಮಕ್ಕಳಿಗೆ ಖಗೋಳದ ಪಾಠ ಹೇಳಲು ಸಿದ್ಧತೆ ನಡೆಸಿದ್ದೇನೆ. ಗುರುಗ್ರಹದ ಕಕ್ಷೆಯಲ್ಲಿ, ಅದಕ್ಕಿಂತ 60 ಡಿಗ್ರಿ ಮುಂದೆ ಒಂದು ಗುಂಪು, 60 ಡಿಗ್ರಿ ಹಿಂದೆ ಇನ್ನೊಂದು ಗುಂಪು, ಹೀಗೆ ಟ್ರೋಜನ್ ಎಂಬ ಸಾವಿರಾರು ಕ್ಷುದ್ರಗ್ರಹಗಳು ಗುರುವಿನಂತೆಯೇ ಸುಮಾರು 12 ವರ್ಷಕ್ಕೊಮ್ಮೆ ಸೂರ್ಯನನ್ನು ಸುತ್ತುತ್ತವೆ. ಗುರುವಿನ ಸೆಳೆತ ಅಷ್ಟು ಪ್ರಬಲವಾಗಿರುವಾಗ, ಹಿಂದೆ ಬರುತ್ತಿರುವವು ಮುಂದಕ್ಕೆ ಎಳೆಯಲ್ಪಟ್ಟು ಗುರುವಿಗೆ ಡಿಕ್ಕಿ ಹೊಡೆಯಬೇಕಲ್ಲವೇ? ಅಲ್ಲದೆ, ಈ ಗುಂಪುಗಳ ನಡುವಿನ, ಗುರುವಿನಿಂದ ಸರಿಯಾಗಿ 60 ಡಿಗ್ರಿಯಲ್ಲಿರುವ ಆ ಎರಡು ಬಿಂದುಗಳು ಶಕ್ತಿಯ ಲೆಕ್ಕದಲ್ಲಿ ಗುಡ್ಡದ ತುದಿಯಂತಿವೆ ಎಂದೂ ಓದಿದೆ. ತುದಿಯಲ್ಲಿರುವ ವಸ್ತು ಉರುಳದೆ ಉಳಿಯುವುದು ಹೇಗೆ?

ಉತ್ತರ (ಮಾಟುಂಗಾ, ಮುಂಬಯಿ)

ನಿಮ್ಮ ಮೊದಲ ಸಂದೇಹ ಬಹಳ ಒಳ್ಳೆಯದು, ಏಕೆಂದರೆ ಕಕ್ಷೆಯಲ್ಲಿರುವ ವಸ್ತುವನ್ನು ಮುಂದಕ್ಕೆ ಎಳೆದರೆ ಅದು ಕೊನೆಗೆ ಹಿಂದೆ ಬೀಳುತ್ತದೆ ಎಂಬ ವಿಚಿತ್ರವನ್ನು ಮಕ್ಕಳಿಗೆ ಹೇಳಲು ಇದೇ ಸರಿಯಾದ ಸಂದರ್ಭ. ಹಿಂದಿನ ಗುಂಪಿನ ಒಂದು ಕ್ಷುದ್ರಗ್ರಹ ಗುರುವಿಗೆ ಹತ್ತಿರವಾಗತೊಡಗಿತು ಎನ್ನೋಣ. ಗುರು ಅದನ್ನು ಮುಂದಕ್ಕೆ ಸೆಳೆಯುತ್ತದೆ. ಅದರಿಂದ ಅದಕ್ಕೆ ಶಕ್ತಿ ದೊರೆತು, ಸೂರ್ಯನಿಂದ ತುಸು ದೂರದ, ದೊಡ್ಡ ಕಕ್ಷೆಗೆ ಏರುತ್ತದೆ. ದೊಡ್ಡ ಕಕ್ಷೆಯಲ್ಲಿ ವೇಗ ಕಡಿಮೆ, ದಾರಿಯೂ ಉದ್ದ. ಆದ್ದರಿಂದ ಅದು ಗುರುವಿನಿಂದ ಹಿಂದೆ ಸರಿಯುತ್ತದೆ. ಮುಂದಿನ ಗುಂಪಿನಲ್ಲಿ ಇದರ ತದ್ವಿರುದ್ಧ: ಗುರು ಹಿಂದಕ್ಕೆ ಎಳೆದಾಗ ಶಕ್ತಿ ಕಳೆದುಕೊಂಡು ಒಳಗಿನ ಕಕ್ಷೆಗೆ ಇಳಿದು, ಅಲ್ಲಿ ವೇಗ ಹೆಚ್ಚಿಸಿಕೊಂಡು ಮುಂದೆ ಓಡಿಹೋಗುತ್ತದೆ.

60 ಡಿಗ್ರಿಯೇ ಏಕೆ ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ. ಸೂರ್ಯ, ಗುರು ಮತ್ತು ಆ ಬಿಂದು ಸೇರಿ ಸಮಬಾಹು ತ್ರಿಕೋನವಾಗುತ್ತದೆ. ಎರಡೂ ಕಾಯಗಳು ಸಮದೂರದಲ್ಲಿರುವುದರಿಂದ ಅವುಗಳ ಸೆಳೆತ ಅವುಗಳ ದ್ರವ್ಯರಾಶಿಯ ಪ್ರಮಾಣದಲ್ಲೇ ಇರುತ್ತದೆ. ಹಾಗಾಗಿ ಒಟ್ಟು ಸೆಳೆತ ನೇರವಾಗಿ ಇಬ್ಬರ ದ್ರವ್ಯರಾಶಿ ಕೇಂದ್ರದ ಕಡೆಗೆ ತಿರುಗುತ್ತದೆ, ಗುರುವಿನ ಜೊತೆಜೊತೆಗೇ ಸುತ್ತಲು ಬೇಕಾದಷ್ಟೇ ಬಲವೂ ಆಗಿರುತ್ತದೆ. ಗಣಿತಜ್ಞ ಲಗ್ರಾಂಜ್ ಇದನ್ನು 1772ರಲ್ಲೇ ಲೆಕ್ಕ ಹಾಕಿ ತೋರಿಸಿದ್ದರು. ಜರ್ಮನಿಯ ಹೈಡಲ್‌ಬರ್ಗ್‌ನಲ್ಲಿ ಖಗೋಳಜ್ಞ ಮ್ಯಾಕ್ಸ್ ವೂಲ್ಫ್ ಅವರಿಗೆ ಮೊದಲ ಟ್ರೋಜನ್ ಆದ ಅಕಿಲೀಸ್ ಸಿಕ್ಕಿದ್ದು 1906ರಲ್ಲಿ. ಬರಿಯ ಗಣಿತ ಅಷ್ಟು ಕಾಲ ಆಕಾಶಕ್ಕಾಗಿ ಕಾದಿತ್ತು ಎಂಬುದು ನನಗೆ ಇಂದಿಗೂ ರೋಮಾಂಚನ ತರುತ್ತದೆ.

ಉತ್ತರ (ಮಡಗಾಂವ್, ಗೋವಾ)

ಎರಡನೆಯ ಪ್ರಶ್ನೆಗೆ ನನ್ನ ಉತ್ತರ. ಅದು ಗುಡ್ಡದ ತುದಿ ಎಂಬುದು ನಿಜ, ಆದರೆ ಆ ಗುಡ್ಡವೇ ಸುತ್ತುತ್ತಿದೆ. ತುದಿಯಿಂದ ಜಾರತೊಡಗಿದ ವಸ್ತುವನ್ನು, ಆ ಸುತ್ತುವಿಕೆಯಿಂದಲೇ ತೋರುವ ಕೊರಿಯಾಲಿಸ್ ಬಲ ಪಕ್ಕಕ್ಕೆ ತಿರುಗಿಸುತ್ತದೆ. ಅದು ಕೆಳಗೆ ಹೋಗುವ ಬದಲು ತುದಿಯ ಸುತ್ತ ಬಳಸಿ ಹೋಗುತ್ತದೆ. ಹಾಗೆ ಆಗಬೇಕಾದರೆ ಸೂರ್ಯನ ದ್ರವ್ಯರಾಶಿ ಗ್ರಹದ್ದಕ್ಕಿಂತ ಸುಮಾರು 25 ಪಟ್ಟಾದರೂ ಇರಬೇಕು. ಗುರುವಿಗೆ ಹೋಲಿಸಿದರೆ ಅದು ಸುಮಾರು 1,047 ಪಟ್ಟು. ಆದ್ದರಿಂದ ಟ್ರೋಜನ್‌ಗಳು ಬಿಂದುವಿನಲ್ಲಿ ನಿಂತಿವೆ ಎಂದು ದಯವಿಟ್ಟು ಮಕ್ಕಳಿಗೆ ಹೇಳಬೇಡಿ. ಅವು ಆ ಬಿಂದುವಿನ ಆಚೀಚೆ ತೂಗಾಡುತ್ತವೆ, ಒಂದು ತೂಗಾಟಕ್ಕೆ ಸುಮಾರು 150 ವರ್ಷ ಹಿಡಿಯುತ್ತದೆ.

ಮತ್ತೆ ಪ್ರಶ್ನೆ (ಕೋಥ್ರೂಡ್, ಪುಣೆ)

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಪುಣೆಯಿಂದ ಇವನ್ನು ಮಕ್ಕಳಿಗೆ ತೋರಿಸಲು ಸಾಧ್ಯವೇ?

ಉತ್ತರ (ಮಾಟುಂಗಾ, ಮುಂಬಯಿ)

ಕಣ್ಣಿಗೆ ಕಾಣುವಂತೆ ಸಾಧ್ಯವಿಲ್ಲ. ಇವುಗಳಲ್ಲಿ ಅತಿ ದೊಡ್ಡದಾದ ಹೆಕ್ಟರ್‌ನ ಕಾಂತಿಮಾನವೇ (ಹೊಳಪಿನ ಅಳತೆ; ಅಂಕಿ ಹೆಚ್ಚಿದಷ್ಟೂ ಮಂದ) ಸುಮಾರು 14ರಿಂದ 15. ಬರಿಗಣ್ಣಿಗೆ ಕಾಣುವ ಅತಿ ಮಂದ ನಕ್ಷತ್ರಕ್ಕಿಂತಲೂ ಅದು ಸಾವಿರ ಪಟ್ಟಿಗೂ ಮೀರಿ ಮಂದ. ನಗರದ ಬೆಳಕಿನಲ್ಲಿ ಸಾಮಾನ್ಯ ದೂರದರ್ಶಕದಿಂದಲೂ ಆಗದು. ಆದರೆ ಅವು ಇರುವ ದಿಕ್ಕನ್ನು ತೋರಿಸಬಹುದು. ಗುರು ಸೂರ್ಯನಿಗೆ ನೇರ ಎದುರಾಗಿ ನಡುರಾತ್ರಿ ನೆತ್ತಿಯ ಹತ್ತಿರ ಬರುವ ದಿನಗಳಲ್ಲಿ ಮಕ್ಕಳನ್ನು ತಾರಸಿಗೆ ಕರೆದೊಯ್ಯಿರಿ. ಸೂರ್ಯನಿಂದ ನೋಡಿದರೆ 60 ಡಿಗ್ರಿ ಇರುವ ಅಂತರ ಭೂಮಿಯಿಂದ ಆಗ ಸುಮಾರು 70 ಡಿಗ್ರಿಯಾಗಿ ಕಾಣುತ್ತದೆ. ನೀಡಿದ ಕೈಯ ಒಂದು ಮುಷ್ಟಿ ಸುಮಾರು 10 ಡಿಗ್ರಿ. ಗುರುವಿನಿಂದ ರಾಶಿಚಕ್ರದ ಗುಂಟ ಏಳು ಮುಷ್ಟಿ ಪೂರ್ವಕ್ಕೆ ಅಳೆದರೆ ಮುಂದಿನ ಗುಂಪು, ಪಶ್ಚಿಮಕ್ಕೆ ಅಳೆದರೆ ಹಿಂದಿನದು. ಕೆಲವು ಕಕ್ಷೆಗಳು ಬಹಳ ಓರೆಯಾಗಿರುವುದರಿಂದ ಗುಂಪುಗಳು ಅಗಲವಾಗಿ ಹರಡಿವೆ ಎಂಬುದನ್ನೂ ಅಲ್ಲೇ ಹೇಳಿ. ನಾಸಾದ ಲೂಸಿ ಬಾಹ್ಯಾಕಾಶ ನೌಕೆ 2021ರ ಅಕ್ಟೋಬರ್‌ನಲ್ಲಿ ಹೊರಟಿರುವುದು ಆ ಪೂರ್ವದ ಗುಂಪಿನತ್ತ; ಯೋಜನೆಯಂತೆ 2027ರ ಆಗಸ್ಟ್‌ನಲ್ಲಿ ಅಲ್ಲಿನ ಯೂರಿಬೇಟಿಸ್ ಎಂಬ ಕ್ಷುದ್ರಗ್ರಹದ ಪಕ್ಕದಲ್ಲಿ ಹಾದುಹೋಗಲಿದೆ.