ದಸರಾ ರಜೆಗೆ ಸಿಸಿಲಿ: ಹತ್ತು ರಾತ್ರಿ, ಕಡಲೂ ಬೇಕು, ಹಳೇ ದೇಗುಲಗಳೂ ಬೇಕು. ಈ ಪ್ಲಾನ್ ನಡೆಯುತ್ತಾ?

ತೆಂಕಣಗಾಳಿ (ಪ್ರಶ್ನೆ)

ನಮಸ್ಕಾರ. ಮಕ್ಕಳ ದಸರಾ ರಜೆಗೆ, ಅಂದರೆ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಮೊದಲ ವಾರದವರೆಗೆ, ಇಟಲಿಯ ಸಿಸಿಲಿ ದ್ವೀಪಕ್ಕೆ ಹೋಗುವ ಯೋಚನೆ ಇದೆ. ಬೆಂಗಳೂರಿನಿಂದ ಹೊರಡುವುದು. ನಾವು ಐದು ಜನ: ಇಬ್ಬರು ದೊಡ್ಡವರು, 7 ಮತ್ತು 12 ವರ್ಷದ ಮಕ್ಕಳು, 70 ದಾಟಿದ ಮಾವ. ಮಾವನಿಗೆ ಮಂಡಿನೋವು, ಸಮತಟ್ಟಾಗಿದ್ದರೆ ಎರಡು ಕಿಲೋಮೀಟರ್ ನಡೆಯುತ್ತಾರೆ, ಮೆಟ್ಟಿಲು ಕಷ್ಟ. ಮನೆಯವರೆಲ್ಲ ಸಸ್ಯಾಹಾರಿಗಳು, ಹಾಲು ಮೊಸರು ಆಗುತ್ತದೆ, ಮೊಟ್ಟೆ ಬೇಡ.

ಸದ್ಯದ ಪಟ್ಟಿ: ಪಲೆರ್ಮೊ 2 ರಾತ್ರಿ, ತ್ರಾಪನಿ 1, ಅಗ್ರಿಜೆಂತೊ 1, ರಗೂಸಾ 1, ಸಿರಾಕೂಸಾ 2, ತಾಓರ್ಮಿನಾ 2, ಲಿಪರಿ ದ್ವೀಪ 1. ನಡುವೆ ಒಂದು ದಿನ ಎಟ್ನಾ ಜ್ವಾಲಾಮುಖಿ.

ಕಾರು ಬಾಡಿಗೆಗೆ ತೆಗೆದುಕೊಳ್ಳಬೇಕೇ? ಆ ಹೊತ್ತಿಗೆ ನೀರು ತಣ್ಣಗಾಗಿರುತ್ತದೆಯೇ? ವೀಸಾ ಯಾವಾಗ ಶುರು ಮಾಡಬೇಕು?

ಕಲ್ಲುಬಂಡಿ

ಏಳು ಊರು, ಹತ್ತು ರಾತ್ರಿ. ಬೇಡ. ಸಿಸಿಲಿ ನಕ್ಷೆಯಲ್ಲಿ ಚಿಕ್ಕದಾಗಿ ಕಂಡರೂ ಮೆಡಿಟರೇನಿಯನ್‌ನ ಅತಿ ದೊಡ್ಡ ದ್ವೀಪ. ಪಲೆರ್ಮೊದಿಂದ ಸಿರಾಕೂಸಾಕ್ಕೆ ರಸ್ತೆಯಲ್ಲಿ ಸುಮಾರು 260 ಕಿ.ಮೀ. ಬೆಳಿಗ್ಗೆ ಹತ್ತಕ್ಕೆ ರೂಮು ಖಾಲಿ ಮಾಡಬೇಕು, ಮುಂದಿನ ಊರಲ್ಲಿ ಮಧ್ಯಾಹ್ನ ಮೂರರ ತನಕ ಕೊಡುವುದಿಲ್ಲ. ಒಂದೊಂದು ಬದಲಾವಣೆಗೂ ಅರ್ಧ ದಿನ ಹೋಯಿತು, ಐದು ಜನರ ಲಗೇಜು ಬೇರೆ.

ಕತಾನಿಯಾದಲ್ಲಿ ಇಳಿದು ಪಲೆರ್ಮೊದಿಂದ ವಾಪಸು ಹೊರಡುವ ಹಾಗೆ ಟಿಕೆಟ್ ಮಾಡಿ. ಮಧ್ಯೆ ಮೂರೇ ಠಿಕಾಣಿ: ಸಿರಾಕೂಸಾ 5 ರಾತ್ರಿ, ಅಗ್ರಿಜೆಂತೊ 1, ಉತ್ತರ ತೀರದ ಚೆಫಲೂ 4.

ಸಿರಾಕೂಸಾಕ್ಕೆ ಐದು ಯಾಕೆ ಅಂದರೆ, ನಿಮ್ಮ ಎರಡು ಬೇಡಿಕೆಯೂ ಒಂದೇ ಕಡೆ ತೀರುವ ಊರು ಅದು. ಹಳೇ ಊರು ಒರ್ತೀಜಾ ಒಂದು ಪುಟ್ಟ ದ್ವೀಪ, ಸೇತುವೆ ದಾಟಿದರೆ ಆಯಿತು, ಹೆಚ್ಚುಕಮ್ಮಿ ಸಮತಟ್ಟು. ಅಲ್ಲಿನ ಕ್ಯಾಥೆಡ್ರಲ್‌ ಅನ್ನು ತಪ್ಪಿಸಬೇಡಿ. ಕ್ರಿ.ಪೂ. 5ನೇ ಶತಮಾನದ ಅಥೇನಾ ದೇಗುಲದ ಡೋರಿಕ್ ಕಂಬಗಳ ನಡುವೆ ಗೋಡೆ ಎಬ್ಬಿಸಿ ಅದನ್ನೇ ಚರ್ಚು ಮಾಡಿದ್ದಾರೆ. ಒಳಗೂ ಕಂಬ ಕಾಣುತ್ತದೆ, ಹೊರಗೆ ಪಕ್ಕದ ಬೀದಿಗೆ ಹೋದರೆ ಗೋಡೆಯಲ್ಲಿ ಹೂತುಕೊಂಡ ಹಾಗೂ ಕಾಣುತ್ತದೆ. ಕೆಳಗೆ ಕಡಲಿಗೆ ತಾಗಿಕೊಂಡೇ ಅರೆತೂಸಾ ಎಂಬ ಸಿಹಿನೀರ ಚಿಲುಮೆ, ಅದರಲ್ಲಿ ಪಪೈರಸ್ ಬೆಳೆದಿದೆ. ಗ್ರೀಕ್ ರಂಗಮಂದಿರ ಮತ್ತು ‘ಡಯೊನೀಸಿಯಸ್‌ನ ಕಿವಿ’ ಎಂಬ ಗುಹೆ ಇರುವ ನೆಯಾಪೊಲಿಸ್ ಆವರಣ ಮಾತ್ರ ಇಳಿಜಾರು, ನೆರಳು ಕಮ್ಮಿ. ಬಾಗಿಲು ತೆಗೆಯುವ ಹೊತ್ತಿಗೇ ಹೋಗಿ. ಪಾವೊಲೊ ಓರ್ಸಿ ಪುರಾತತ್ವ ಮ್ಯೂಸಿಯಂ ಸೋಮವಾರ ರಜೆ.

ಈಜಲು ಒರ್ತೀಜಾದಲ್ಲಿ ಬಂಡೆಗಳೇ ಹೆಚ್ಚು, ದೊಡ್ಡವರಿಗೆ ಸರಿ. ಮಕ್ಕಳಿಗೆ ದಕ್ಷಿಣಕ್ಕಿರುವ ಫೊಂತಾನೆ ಬಿಯಾಂಕೆ: ಮರಳು, ತುಂಬಾ ದೂರದವರೆಗೆ ಆಳವಿಲ್ಲ.

ನೋತೊಗೆ ರೈಲಿದೆ, ಮುಕ್ಕಾಲು ಗಂಟೆಯೂ ಆಗದು. 1693ರ ಭೂಕಂಪದಲ್ಲಿ ನೆಲಸಮವಾದ ಮೇಲೆ ಹಳೇ ಜಾಗ ಬಿಟ್ಟು ಹೊಸದಾಗಿ ಕಟ್ಟಿದ ಊರು. ಮುಖ್ಯ ಬೀದಿ ಚಪ್ಪಟೆ, ಆದರೆ ನಿಲ್ದಾಣದಿಂದ ಊರಿಗೆ ಏರು. ಮಾವನಿಗೆ ಟ್ಯಾಕ್ಸಿ ಹಿಡಿಯಿರಿ. ಸಂಜೆ ನಾಲ್ಕರ ಮೇಲೆ ಹೋದರೆ ಕಲ್ಲಿನ ಬಣ್ಣ ಜೇನಿಗೆ ತಿರುಗುತ್ತದೆ, ಮಧ್ಯಾಹ್ನ ಬರೀ ಬಿಸಿಲು.

ನೀರಿನ ಚಿಂತೆ ಬೇಡ. ಆ ಸಮಯದಲ್ಲಿ ಸಮುದ್ರ ಸುಮಾರು 24 ಡಿಗ್ರಿ, ಮೇ ತಿಂಗಳಿಗಿಂತ ಬೆಚ್ಚಗೆ. ಬೇಸಿಗೆಯಿಡೀ ಕಾದ ನೀರು ನಿಧಾನಕ್ಕೆ ಆರುತ್ತದಲ್ಲ. ಕೈಕೊಡುವುದು ಗಾಳಿ ಮತ್ತು ಮಳೆ. ಶರತ್ಕಾಲದ ಮಳೆ ಸಣ್ಣಗೆ ಹನಿಯುವುದಲ್ಲ, ಎರಡು ಗಂಟೆ ಸುರಿದು ನಿಲ್ಲುತ್ತದೆ. ಆಗ್ನೇಯದಿಂದ ಶಿರೊಕ್ಕೊ ಬೀಸಿದರೆ ಪೂರ್ವ ತೀರದಲ್ಲಿ ಅಲೆ ಏಳುತ್ತವೆ, ವಾಯವ್ಯ ಗಾಳಿಗೆ ಉತ್ತರದ ಚೆಫಲೂ ಕಡೆ ಏಳುತ್ತವೆ. ಎರಡು ತೀರಗಳಲ್ಲಿ ಉಳಿಯಿರಿ ಅನ್ನುವುದಕ್ಕೆ ಅದೂ ಒಂದು ಕಾರಣ. ಲಿಪರಿ ಬಿಡಿ ಅನ್ನುವುದಕ್ಕೂ ಅದೇ ಕಾರಣ: ಅಲೆ ಎದ್ದ ದಿನ ವೇಗದ ದೋಣಿಗಳೇ ಮೊದಲು ರದ್ದಾಗುವುದು. ಒಂದು ರಾತ್ರಿಗೆ ಹೋದವರು ಅಲ್ಲೇ ಸಿಕ್ಕಿಕೊಂಡರೆ ಮುಂದಿನ ಬುಕಿಂಗ್ ಎಲ್ಲ ಕೆಡುತ್ತದೆ.

ಇನ್ನೊಂದು: ಬಾಡಿಗೆಯ ಕುರ್ಚಿ, ಛತ್ರಿ ಇಡುವ ‘ಲಿದೊ’ಗಳು ಅಕ್ಟೋಬರ್ ಹೊತ್ತಿಗೆ ಒಂದೊಂದಾಗಿ ಬಾಗಿಲು ಹಾಕುತ್ತವೆ. ಅವರ ಜೊತೆ ಜೀವರಕ್ಷಕರೂ ಹೋಗುತ್ತಾರೆ. ಮಕ್ಕಳು ನೀರಿಗಿಳಿದಾಗ ದೊಡ್ಡವರು ಒಬ್ಬರು ನೀರಲ್ಲೇ ಇರಬೇಕು.

ಗೇರ್‌ಬಾಕ್ಸ್

ಮೇಲಿನವರ ಪ್ಲಾನ್‌ಗೆ ನನ್ನ ವೋಟು. ಕಾರಿನ ಬಗ್ಗೆ ಮಾತ್ರ ಹೇಳುತ್ತೇನೆ.

ಪೂರ್ತಿ ಹತ್ತು ದಿನಕ್ಕೆ ಕಾರು ದಂಡ. ಕತಾನಿಯಾ ವಿಮಾನ ನಿಲ್ದಾಣದಿಂದ ಸಿರಾಕೂಸಾಕ್ಕೆ ನೇರ ಬಸ್ ಇದೆ, ಒಂದೂಕಾಲು ಗಂಟೆಯ ದಾರಿ. ಒರ್ತೀಜಾ ಒಳಗೆ ಕಾರು ಬರೀ ತಲೆನೋವು. ಸಿರಾಕೂಸಾದ ಕೊನೆಯ ಪೂರ್ತಿ ದಿನದ ಬೆಳಿಗ್ಗೆ ತೆಗೆದುಕೊಳ್ಳಿ. ಅವತ್ತು ವೆಂದಿಕರಿ ಅಭಯಾರಣ್ಯ ಮುಗಿಸಿ. ಮರುದಿನ ಪಿಯಾತ್ಸಾ ಅರ್ಮೆರೀನಾ ಮೇಲೆ ಅಗ್ರಿಜೆಂತೊ. ಅದರ ಮರುದಿನ ಪಲೆರ್ಮೊ ವಿಮಾನ ನಿಲ್ದಾಣದಲ್ಲಿ ವಾಪಸು ಕೊಟ್ಟು, ರೈಲಿನಲ್ಲಿ ಪಲೆರ್ಮೊ ಸೆಂತ್ರಾಲೆ ನಿಲ್ದಾಣಕ್ಕೆ ಬಂದು ಚೆಫಲೂ ರೈಲು ಹಿಡಿಯಿರಿ. ಮೂರು ದಿನದ ಬಾಡಿಗೆ, ಜೊತೆಗೆ ಬೇರೆ ಊರಲ್ಲಿ ಬಿಡುವುದಕ್ಕೆ ಒಂದು ಶುಲ್ಕ. ಸಿರಾಕೂಸಾದ ಬಾಡಿಗೆ ಕಚೇರಿಗಳು ಮಧ್ಯಾಹ್ನ ಮುಚ್ಚುತ್ತವೆ, ಭಾನುವಾರ ತೆರೆಯುವುದು ಅಪರೂಪ. ವಾರ ನೋಡಿ ಬುಕ್ ಮಾಡಿ.

ದಂಡ ಬೀಳುವ ಜಾಗ ಝಡ್‌ಟಿಎಲ್, ಹಳೇ ಊರುಗಳ ನಿರ್ಬಂಧಿತ ಸಂಚಾರ ವಲಯ. ಗೇಟು ಇರುವುದಿಲ್ಲ, ಪೊಲೀಸರೂ ಇರುವುದಿಲ್ಲ, ಕ್ಯಾಮೆರಾ ನಂಬರ್ ಪ್ಲೇಟ್ ಓದಿಕೊಳ್ಳುತ್ತದೆ. ಫಲಕದಲ್ಲಿ ‘ವಾರ್ಕೊ ಅತ್ತೀವೊ’ ಅಂತಿದ್ದರೆ ನಿರ್ಬಂಧ ಜಾರಿಯಲ್ಲಿದೆ, ಒಳಗೆ ಹೋಗಬಾರದು. ‘ನೊನ್ ಅತ್ತೀವೊ’ ಇದ್ದರೆ ಹೋಗಬಹುದು. ಗೇಟು ‘ಆಕ್ಟಿವ್’ ಅಂದರೆ ತೆರೆದಿದೆ ಅಂದುಕೊಂಡು ನುಗ್ಗುವವರೇ ಜಾಸ್ತಿ. ಎಷ್ಟು ಸಲ ಕ್ಯಾಮೆರಾ ದಾಟಿದಿರೋ ಅಷ್ಟು ದಂಡ, ತಿಂಗಳುಗಳ ನಂತರ ಬರುತ್ತದೆ. ನಿಮ್ಮ ವಿಳಾಸ ಪೊಲೀಸರಿಗೆ ಕೊಟ್ಟದ್ದಕ್ಕೆ ಬಾಡಿಗೆ ಕಂಪನಿಯೂ ಪ್ರತ್ಯೇಕವಾಗಿ ಹಣ ಮುರಿದುಕೊಳ್ಳುತ್ತದೆ. ಒರ್ತೀಜಾಕ್ಕೆ ತಾಲೆತೆ ಪಾರ್ಕಿಂಗ್‌ನಲ್ಲಿ ಬಿಟ್ಟು ನಡೆಯಿರಿ. ರಸ್ತೆಬದಿಯಲ್ಲಿ ನೀಲಿ ಗೆರೆ ಅಂದರೆ ದುಡ್ಡು ಕೊಡಬೇಕು, ಬಿಳಿ ಅಂದರೆ ಉಚಿತ, ಹಳದಿ ನಮಗಲ್ಲ.

ಇಲ್ಲಿಂದಲೇ ಮಾಡಿಕೊಂಡು ಹೋಗಬೇಕಾದ್ದು:

ಆರ್‌ಟಿಒದಲ್ಲಿ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್, ಫಾರಂ 4ಎ. ಒಂದು ವರ್ಷ ಚಾಲ್ತಿ. ಅದರ ಜೊತೆ ಇಲ್ಲಿನ ಮೂಲ ಡಿಎಲ್ ಕೂಡ ಇರಲೇಬೇಕು.

ಓಡಿಸುವವರ ಹೆಸರಲ್ಲೇ ಕ್ರೆಡಿಟ್ ಕಾರ್ಡ್. ಡೆಬಿಟ್ ಕಾರ್ಡ್ ಇದ್ದರೆ ಬಹಳ ಕಡೆ ಕೀಲಿಯೇ ಕೊಡುವುದಿಲ್ಲ. ಠೇವಣಿಯಾಗಿ ಸಾವಿರ ಯೂರೋ ಮೇಲೂ ಬ್ಲಾಕ್ ಮಾಡಬಹುದು, ಅಷ್ಟು ಮಿತಿ ಇರಲಿ. ಬ್ಯಾಂಕ್ ಆ್ಯಪ್‌ನಲ್ಲಿ ಅಂತರರಾಷ್ಟ್ರೀಯ ವಹಿವಾಟು ಆನ್ ಮಾಡಿ. ಕೌಂಟರ್ ಮುಂದೆ ನಿಂತು ಓಟಿಪಿಗೆ ಕಾಯುವ ಫಜೀತಿ ಬೇಡ.

ಐದು ಸೀಟಿನ ಕಾರಿಗೆ ಐದು ಜನ ಹಿಡಿಸುತ್ತಾರೆ, ಐದು ಪೆಟ್ಟಿಗೆ ಹಿಡಿಸುವುದಿಲ್ಲ. ಸ್ಟೇಷನ್ ವ್ಯಾಗನ್ ಕೇಳಿ. ಆಟೊಮ್ಯಾಟಿಕ್ ಬೇಕಿದ್ದರೆ ಮೊದಲೇ ಹೇಳಿ, ಅಲ್ಲಿ ಮ್ಯಾನುಯಲ್ಲೇ ಹೆಚ್ಚು. 150 ಸೆಂ.ಮೀ.ಗಿಂತ ಗಿಡ್ಡ ಇರುವ ಮಕ್ಕಳಿಗೆ ಸೀಟು ಅಥವಾ ಬೂಸ್ಟರ್ ಕಡ್ಡಾಯ. ಅಂದರೆ 12ರವನ ಎತ್ತರವನ್ನೂ ಒಮ್ಮೆ ಅಳೆಯಿರಿ.

ಅರ್ಜಿನಮೂನೆ

ವೀಸಾ. ಪ್ರಯಾಣಕ್ಕೆ ಆರು ತಿಂಗಳ ಮುಂಚಿನಿಂದ ಅರ್ಜಿ ಹಾಕಬಹುದು. ನಿಯಮದ ಪ್ರಕಾರ 15 ದಿನದಲ್ಲಿ ನಿರ್ಧಾರ, ಕೆಲವು ಅರ್ಜಿಗಳಿಗೆ 45 ದಿನದವರೆಗೂ ಎಳೆಯಬಹುದು. ಅಸಲಿ ತೊಂದರೆ ವಿಎಫ್‌ಎಸ್ (ವೀಸಾ ಅರ್ಜಿ ತೆಗೆದುಕೊಳ್ಳುವ ಕೇಂದ್ರ) ಸ್ಲಾಟ್, ಬೇಸಿಗೆಯಲ್ಲಿ ಸಿಗುವುದೇ ಕಷ್ಟ. ಸೆಪ್ಟೆಂಬರ್ ಕೊನೆಗೆ ಹೊರಡುವವರು ಜೂನ್‌ನಲ್ಲೇ ಕಾಗದ ಸಿದ್ಧ ಇಟ್ಟುಕೊಳ್ಳಿ.

ಶುಲ್ಕ 90 ಯೂರೋ, 6ರಿಂದ 11 ವರ್ಷದವರಿಗೆ 45. ವಿಎಫ್‌ಎಸ್ ಸೇವಾ ಶುಲ್ಕ ಬೇರೆ. 12 ತುಂಬಿದವರಿಗೆ ದೊಡ್ಡವರ ಶುಲ್ಕ, ಬೆರಳಚ್ಚು ಕೂಡ. ವಿಮೆ ಕನಿಷ್ಠ 30,000 ಯೂರೋ ರಕ್ಷಣೆ ಇರಬೇಕು. ಮಾವನ ವಯಸ್ಸಿಗೆ ಮೊದಲೇ ಇರುವ ಕಾಯಿಲೆಗಳಿಗೆ ಏನು ಕೊಡುತ್ತಾರೆ ಅಂತ ಪಾಲಿಸಿಯಲ್ಲಿ ಓದಿ, ಏಜೆಂಟ್ ಬಾಯಿಮಾತು ನಂಬಬೇಡಿ.

ಅರ್ಜಿ ಸಿಕ್ಕಿಬೀಳುವುದು ಸಣ್ಣ ವಿಷಯಗಳಲ್ಲಿ. ಹತ್ತು ರಾತ್ರಿಯಲ್ಲಿ ಒಂದು ರಾತ್ರಿಗೂ ವಸತಿ ದಾಖಲೆ ಇಲ್ಲದೆ ಬಿಡಬಾರದು. ವಸತಿ ಪತ್ರದಲ್ಲಿ ಐದೂ ಜನರ ಹೆಸರಿರಲಿ. ಅರ್ಜಿಗೆ ವಾರದ ಮುಂಚೆ ದೊಡ್ಡ ಮೊತ್ತ ಖಾತೆಗೆ ಹಾಕಿದರೆ ಅನುಮಾನ ಬರುತ್ತದೆ. ಮಾವನ ಖರ್ಚು ನೀವು ನೋಡಿಕೊಳ್ಳುವುದಾದರೆ ಆ ಪತ್ರ, ಸಂಬಂಧದ ದಾಖಲೆ ಎರಡೂ ಇಡಿ. ನಮ್ಮವರ ಇನಿಷಿಯಲ್ ಗೋಜಲು ಗೊತ್ತಲ್ಲ: ಆಧಾರ್‌ನಲ್ಲಿ ಒಂದು, ಪಾಸ್‌ಪೋರ್ಟ್‌ನಲ್ಲಿ ಬಿಡಿಸಿ ಬರೆದದ್ದು ಇನ್ನೊಂದು. ಟಿಕೆಟ್, ವಿಮೆ, ಹೋಟೆಲ್ ಎಲ್ಲದರಲ್ಲೂ ಪಾಸ್‌ಪೋರ್ಟ್‌ನಲ್ಲಿದ್ದಂತೆಯೇ ಹಾಕಿಸಿ. ವೀಸಾ ಕೈಗೆ ಬರುವ ತನಕ ರದ್ದು ಮಾಡಲಾಗದ ಬುಕಿಂಗ್ ಮಾಡಬೇಡಿ.

ವಿಮಾನ ಒಂದೇ ಪಿಎನ್‌ಆರ್‌ನಲ್ಲಿ ಕತಾನಿಯಾವರೆಗೆ ಇರಲಿ. ರೋಮ್‌ವರೆಗೆ ಒಂದು, ಅಲ್ಲಿಂದ ಅಗ್ಗದ ವಿಮಾನ ಇನ್ನೊಂದು ಅಂತ ಮಾಡಿದರೆ ಮೊದಲನೆಯದು ತಡವಾದಾಗ ಎರಡನೆಯದರ ದುಡ್ಡು ಹೋಗುತ್ತದೆ, ಲಗೇಜು ಮಿತಿಯೂ ಬೇರೆ. ಈಗ ಷೆಂಗೆನ್ (ಒಂದೇ ವೀಸಾ ನಡೆಯುವ ಯುರೋಪಿನ ದೇಶಗಳ ಗುಂಪು) ಗಡಿಯಲ್ಲಿ ಮೊದಲ ಪ್ರವೇಶಕ್ಕೆ ಮುಖದ ಫೋಟೊ ತೆಗೆದು, ವೀಸಾಕ್ಕೆ ಕೊಟ್ಟ ಬೆರಳಚ್ಚು ತಾಳೆ ನೋಡುವ ಹೊಸ ವ್ಯವಸ್ಥೆ ಬಂದಿದೆ. ರೋಮ್‌ನಲ್ಲಿ ಮೂರು ಗಂಟೆಯಾದರೂ ಬಿಡುವಿರಲಿ.

ಒಗ್ಗರಣೆಡಬ್ಬಿ

ಊಟದ ಬಗ್ಗೆ ಯಾರೂ ಹೇಳಿಲ್ಲ, ನಾನು ಶುರು ಮಾಡ್ತೀನಿ. ಸಿಸಿಲಿ ಸಸ್ಯಾಹಾರಿಗಳಿಗೆ ಸುಲಭ, ಆದರೆ ಮೋಸಹೋಗುವ ಜಾಗಗಳಿವೆ.

ಧೈರ್ಯವಾಗಿ ತಿನ್ನಬಹುದಾದ್ದು: ಪಾಸ್ತಾ ಅಲ್ಲಾ ನೋರ್ಮಾ. ಕರಿದ ಬದನೆ, ಟೊಮೆಟೊ, ಮೇಲೆ ಉಪ್ಪು ಹಾಕಿ ಒಣಗಿಸಿದ ರಿಕೊತ್ತಾ ಚೀಸ್. ‘ಪಾಸ್ತಾ ಫ್ರೆಸ್ಕಾ’ ಅಂತಿದ್ದರೆ ಮೊಟ್ಟೆ ಇರಬಹುದು, ಒಣ ಪಾಸ್ತಾ ಕೇಳಿ. ಕಪೊನಾತಾ ಅಂದರೆ ಬದನೆಯ ಹುಳಿ-ಸಿಹಿ ಪಲ್ಯ. ಪಲೆರ್ಮೊ ಕಡೆ ಪಾನೆಲ್ಲೆ: ಕಡಲೆಹಿಟ್ಟನ್ನು ನೀರಲ್ಲಿ ಗಟ್ಟಿಯಾಗಿ ಕಾಯಿಸಿ, ಆರಿದ ಮೇಲೆ ತೆಳ್ಳಗೆ ಕತ್ತರಿಸಿ ಕರಿದು, ಎಳ್ಳು ಹಾಕಿದ ಬನ್ನಿನೊಳಗೆ ಇಟ್ಟು ಕೊಡ್ತಾರೆ. ಮಕ್ಕಳಿಗೆ ಖಂಡಿತ ಹಿಡಿಸುತ್ತೆ. ಅದೇ ಬಾಣಲೆಯಲ್ಲಿ ಮೀನು ಕರಿಯುವ ಅಂಗಡಿಗಳೂ ಇವೆ, ನೋಡಿ ಕೊಳ್ಳಿ.

ಎಚ್ಚರ: ಅರಂಚೀನಾ ಅನ್ನೋ ಅನ್ನದ ಉಂಡೆಯಲ್ಲಿ ‘ಅಲ್ ಬುರ್ರೊ’, ಅಂದರೆ ಬೆಣ್ಣೆಯದು, ಸಸ್ಯಾಹಾರ ಅಂದುಕೊಂಡು ತಿನ್ನುವವರು ತುಂಬ. ಅದರಲ್ಲಿ ಸಾಮಾನ್ಯವಾಗಿ ಹಂದಿಮಾಂಸದ ಹ್ಯಾಮ್ ಇರುತ್ತೆ. ಸ್ಫಿಂಚೋನೆ ಅನ್ನೋ ದಪ್ಪ ಪಿಜ್ಜಾದ ಈರುಳ್ಳಿ ಗೊಜ್ಜಿನಲ್ಲಿ ಅಂಚೊವಿ ಮೀನು. ಕನ್ನೋಲಿ ಅನ್ನೋ ಸಿಹಿತಿಂಡಿಯ ಗರಿಗರಿ ಹೊರಪದರಕ್ಕೆ ಸಾಂಪ್ರದಾಯಿಕವಾಗಿ ಹಂದಿಕೊಬ್ಬು. ಗ್ರನೀತಾ (ಪುಡಿ ಐಸಿನ ಸಿಹಿ) ಜೊತೆ ಕೊಡುವ ಬ್ರಿಯೋಶ್ ಬನ್ನಿನಲ್ಲಿ ಮೊಟ್ಟೆ. ಬಾದಾಮಿ ಅಥವಾ ನಿಂಬೆ ಗ್ರನೀತಾ ಮಾತ್ರ ತಿನ್ನಿ, ಸಾಕು. ‘ಸೆಂತ್ಸಾ ಕಾರ್ನೆ, ಸೆಂತ್ಸಾ ಪೆಶೆ, ಸೆಂತ್ಸಾ ವೋವ’: ಮಾಂಸ, ಮೀನು, ಮೊಟ್ಟೆ ಬೇಡ. ಬರೀ ‘ವೆಜಿಟೇರಿಯನ್’ ಅಂದರೆ ಮೀನು ಬಂದೀತು.

ಹೋಟೆಲುಗಳು ರಾತ್ರಿ ಏಳೂವರೆಗೆ ಮುಂಚೆ ಒಲೆ ಹಚ್ಚಲ್ಲ. ಏಳಕ್ಕೆ ಉಣ್ಣುವ ಹಿರಿಯರಿದ್ದರೆ ಅಡುಗೆಮನೆ ಇರುವ ಅಪಾರ್ಟ್‌ಮೆಂಟೇ ಸರಿ. ಪಲೆರ್ಮೊದ ಬಲ್ಲರೊ ಮಾರುಕಟ್ಟೆ ಸುತ್ತ ಬಾಂಗ್ಲಾದೇಶದವರ ಅಂಗಡಿಗಳಲ್ಲಿ ಅಕ್ಕಿ, ಬೇಳೆ, ಮಸಾಲೆ ಸಿಗುತ್ತೆ.

ಇಲ್ಲಿಂದ ಚಟ್ನಿಪುಡಿ, ಅವಲಕ್ಕಿ, ಹುರಿದ ರವೆ ಒಯ್ಯಿರಿ. ತುಪ್ಪ, ಪನೀರು, ಹಾಲಿನ ಪುಡಿ ಬೇಡ. ಐರೋಪ್ಯ ಒಕ್ಕೂಟದೊಳಗೆ ಹೊರಗಿನ ಹಾಲು-ಮಾಂಸದ ಪದಾರ್ಥ ತರುವಂತಿಲ್ಲ. ಹಸಿ ಕರಿಬೇವಂತೂ ಬೇಡವೇ ಬೇಡ. ನಿಂಬೆ-ಕಿತ್ತಳೆ ಗಿಡಗಳಿಗೆ ರೋಗ ಹರಡುವ ಕೀಟ ಕರಿಬೇವಿನ ಮೇಲೂ ಬದುಕುತ್ತೆ, ಸಿಸಿಲಿಯೋ ಕಿತ್ತಳೆ ತೋಟಗಳ ನಾಡು. ತೆಂಗಿನಕಾಯಿಗೆ ಅಡ್ಡಿಯಿಲ್ಲ.

ತೆಂಕಣಗಾಳಿ

ಎಲ್ಲರಿಗೂ ಧನ್ಯವಾದ. 5+1+4 ಅಂತಲೇ ಇಟ್ಟುಕೊಂಡೆ. ಮೂರು ಅನುಮಾನ ಉಳಿದಿವೆ. ಅಗ್ರಿಜೆಂತೊದಲ್ಲಿ ಮಾವ ನಡೆಯಬಲ್ಲರೇ? ಪಲೆರ್ಮೊದಲ್ಲೇ ಉಳಿಯದೆ ಚೆಫಲೂ ಯಾಕೆ? ಎಟ್ನಾ ಪೂರ್ತಿ ಬಿಡಬೇಕೇ? ಮಗನಿಗೆ ಅದೊಂದೇ ಆಸೆ.

ಕಲ್ಲುಬಂಡಿ

ಅಗ್ರಿಜೆಂತೊ: ದೇಗುಲಗಳ ಕಣಿವೆ ಅನ್ನುತ್ತಾರೆ, ನಿಜಕ್ಕೂ ಅದು ದಿಬ್ಬ. ಎರಡು ಬಾಗಿಲುಗಳಿವೆ. ಮೇಲಿನ ಜುನೊ ದೇಗುಲದ ಬಾಗಿಲಲ್ಲಿ ಒಳಹೊಕ್ಕು, ಇಳಿಜಾರಿನಲ್ಲೇ ಕೆಳಗಿನ ಪೋರ್ತಾ ಕ್ವಿಂತಾ ಕಡೆ ಬನ್ನಿ, ಅಲ್ಲಿಂದ ಟ್ಯಾಕ್ಸಿಯಲ್ಲಿ ಕಾರಿನ ಹತ್ತಿರ ಹೋಗಿ. ಉಲ್ಟಾ ಮಾಡಿದರೆ ಏರು ಹತ್ತಬೇಕು. ಕೊಂಕೋರ್ದಿಯಾ ದೇಗುಲ ಅಷ್ಟು ಇಡಿಯಾಗಿ ಉಳಿದದ್ದೂ ಚರ್ಚಾಗಿ ಬಳಕೆಯಲ್ಲಿ ಇದ್ದದ್ದರಿಂದ, ಸಿರಾಕೂಸಾದ ಕಥೆಯೇ. ಪಕ್ಕದ ಜೀಯಸ್ ದೇಗುಲಕ್ಕೆ ಆ ಭಾಗ್ಯ ಇರಲಿಲ್ಲ, ಕಲ್ಲುರಾಶಿ ಅಷ್ಟೇ. ಸೂರ್ಯ ಮುಳುಗುವುದು ಆರೂಮುಕ್ಕಾಲು ಆಸುಪಾಸು, ನಾಲ್ಕೂವರೆಗೆ ಒಳಗಿರಿ.

ದಾರಿಯಲ್ಲಿ ಪಿಯಾತ್ಸಾ ಅರ್ಮೆರೀನಾ ಹತ್ತಿರದ ರೋಮನ್ ಬಂಗಲೆಗೆ ಎರಡು ಗಂಟೆ ಕೊಡಿ. 4ನೇ ಶತಮಾನದ ಮೊಸಾಯಿಕ್ ನೆಲ, ಮೇಲೆ ಹಾಯ್ದ ಸೇತುವೆಯಿಂದ ನೋಡುವುದು. ಬೇಟೆಯ ಚಿತ್ರಗಳಿರುವ ದೊಡ್ಡ ಓಣಿಯಲ್ಲಿ ಆನೆಯನ್ನು ಹಡಗಿಗೆ ಹತ್ತಿಸುತ್ತಿದ್ದಾರೆ. ಅದರ ಒಂದು ತುದಿಯಲ್ಲಿ ಆನೆದಂತ ಹಿಡಿದ ಹೆಣ್ಣು, ಅವಳನ್ನು ಭಾರತದ ರೂಪವೆಂದು ಗುರುತಿಸುವ ವಿದ್ವಾಂಸರಿದ್ದಾರೆ. ಮಕ್ಕಳಿಗೆ ಅವಳನ್ನು ಹುಡುಕುವ ಕೆಲಸ ಕೊಡಿ.

ಚೆಫಲೂ ಯಾಕೆ: ಊರೊಳಗೇ ಮರಳಿನ ಬೀಚು, ಕೈಯಳತೆಯಲ್ಲಿ ಸಿಸಿಲಿಯ ದೊರೆ ಎರಡನೇ ರೊಜೆರೊ 1131ರಲ್ಲಿ ಶುರು ಮಾಡಿಸಿದ ಕ್ಯಾಥೆಡ್ರಲ್, ಪಲೆರ್ಮೊಗೆ ರೈಲಲ್ಲಿ ಒಂದು ಗಂಟೆಯೊಳಗೆ. ಪಲೆರ್ಮೊದ ಹಳೇ ಮನೆಗಳಲ್ಲಿ ಲಿಫ್ಟ್ ಇರುವುದು ಕಡಿಮೆ. ಚೆಫಲೂದಲ್ಲೂ ಬುಕ್ ಮಾಡುವ ಮುಂಚೆ ಲಿಫ್ಟ್ ಕೇಳಿ, ಅಲ್ಲಿ ‘ಮೊದಲ ಮಹಡಿ’ ಅಂದರೆ ಎರಡು ಸುತ್ತು ಮೆಟ್ಟಿಲು ಇರಬಹುದು. ಪಲೆರ್ಮೊಗೆ ಎರಡು ಸಲ ಹೋಗಿ. ಒಂದು ದಿನ ಅರಮನೆಯ ಪಲಾತಿನಾ ಚಾಪೆಲ್ ಮತ್ತು ಬಲ್ಲರೊ. ಲ್ಯಾಟಿನ್ ಚರ್ಚು, ಬೈಜಾಂಟೈನ್ ಮೊಸಾಯಿಕ್, ಅರಬ್ ಕುಶಲಿಗಳ ಮರದ ಛಾವಣಿ ಒಂದೇ ಕೋಣೆಯಲ್ಲಿವೆ, ತಲೆಯೆತ್ತಿ ನೋಡಿ. ಭಾನುವಾರ ಬೆಳಿಗ್ಗೆ ಬಲಿಪೂಜೆಗೆ ಸ್ವಲ್ಪ ಹೊತ್ತು ಮುಚ್ಚುತ್ತಾರೆ. ಇನ್ನೊಂದು ದಿನ ಮೊನ್ರೆಯಾಲೆಯ ಕ್ಯಾಥೆಡ್ರಲ್, ಪಿಯಾತ್ಸಾ ಇಂದಿಪೆಂದೆಂತ್ಸಾದಿಂದ 389 ನಂಬರ್ ಬಸ್. ಚರ್ಚುಗಳಿಗೆ ಭುಜ, ಮಂಡಿ ಮುಚ್ಚುವ ಬಟ್ಟೆ ಬೇಕು. ಬೀಚಿನಿಂದ ನೇರ ಹೋಗುವ ದಿನ ಚೀಲದಲ್ಲಿ ಒಂದು ಶಾಲು ಇರಲಿ.

ಎಟ್ನಾ: ಕತಾನಿಯಾ ರೈಲು ನಿಲ್ದಾಣದ ಎದುರಿಂದ ಬೆಳಿಗ್ಗೆ ಒಂದೇ ಬಸ್, 8.15ರ ಸುಮಾರಿಗೆ. ಸಿರಾಕೂಸಾದಿಂದ ಅದನ್ನು ಹಿಡಿಯಲು ನಸುಕಿಗೇ ಏಳಬೇಕು. ಅದಕ್ಕಿಂತ ಇಳಿದ ಮೊದಲ ರಾತ್ರಿ ಕತಾನಿಯಾದಲ್ಲೇ ಉಳಿಯಿರಿ, ಸಿರಾಕೂಸಾ ನಾಲ್ಕಾಗಲಿ. ಬಸ್ ಬೆಟ್ಟದ ಮೇಲಿನ ರಿಫುಜೊ ಸಪಿಯೆಂತ್ಸಾ ತಂಗುದಾಣದವರೆಗೆ, ಸುಮಾರು 1900 ಮೀಟರ್. ಅಲ್ಲಿಂದ ಕೇಬಲ್ ಕಾರು 2500ಕ್ಕೆ. ಮಾವ ಕೆಳಗೇ 1892ರ ಸಿಲ್ವೆಸ್ತ್ರಿ ಕುಳಿಗಳ ಅಂಚಿನಲ್ಲಿ ಇರಲಿ, ಮಗ ಮೇಲೆ ಹೋಗಲಿ. ಕೆಳಗೆ 25 ಡಿಗ್ರಿ ಇದ್ದ ದಿನವೂ ಮೇಲೆ ಸ್ವೆಟರ್ ಮತ್ತು ಗಾಳಿತಡೆ ಜಾಕೆಟ್ ಬೇಕು, ಚಪ್ಪಲಿಯೊಳಗೆ ಬೂದಿಕಲ್ಲು ಸೇರುತ್ತದೆ, ಶೂ ಹಾಕಿಸಿ. ಮೋಡ ಕವಿದಿದ್ದರೆ ಕೇಬಲ್ ಕಾರಿಗೆ ದುಡ್ಡು ಕೊಡಬೇಡಿ, ಏನೂ ಕಾಣಿಸುವುದಿಲ್ಲ.

ಬೆಟ್ಟ ಬೂದಿ ಉಗುಳಿದರೆ ಕತಾನಿಯಾ ವಿಮಾನ ನಿಲ್ದಾಣ ಕೆಲವು ಗಂಟೆ ಮುಚ್ಚುವುದುಂಟು, ವಿಮಾನಗಳನ್ನು ಪಲೆರ್ಮೊಗೋ ಕೊಮಿಸೊಗೋ ತಿರುಗಿಸುತ್ತಾರೆ. ಹಾಗಾಗಿ ಮೊದಲ ರಾತ್ರಿಯ ಕೋಣೆ ತಡರಾತ್ರಿ ಬಂದರೂ ಬಾಗಿಲು ತೆರೆಯುವಂಥದ್ದಾಗಿರಲಿ.